ಲಿಲ್ಲಿಗೆ ನಾನು ಬರೆದ ‘ಗುಡ್’

ಬಟ್ಟಲಲ್ಲಿ ಬಂದದ್ದು ಅನ್ನ ಅಂತ ತಿಳಿಯಲಿಕ್ಕೇ ನನಗೆ ಹೊತ್ತು ಹಿಡಿಯಿತು. ಕೆಂಪಗಿನ ದಪ್ಪ ಕಾಳು, ತುಂಬ ತಿಳಿನೀರು. “ಗಂಜಿ ಮಾಷ್ಟ್ರೇ, ಬಿಸಿ ಉಂಟು, ಊಟ ಮಾಡಿ” ಅಂದರು ಮನೆಯೊಡತಿ ಸೆಲಿನ್ ಬಾಯಿ. ನಮ್ಮ ಧಾರವಾಡದಲ್ಲಿ ಜ್ವರ ಬಂದವರಿಗೆ ಕೊಡುವುದನ್ನು ಇಲ್ಲಿ ಗಟ್ಟಿಮುಟ್ಟಾದವರು ದಿನಾ ಉಣ್ಣುತ್ತಾರಲ್ಲ! ರಾಜ್ಯ ಒಂದಾದ ಮರುವರ್ಷ ಕರಾವಳಿಯ ಕಾಪುವಿನ ಹೈಸ್ಕೂಲಿಗೆ ಇಂಗ್ಲಿಷ್ ಮಾಸ್ತರನಾಗಿ ಬಂದ ನಾನು ಜೋಳದ ರೊಟ್ಟಿ ನೆನೆಯುತ್ತ ಅರ್ಧ ಹೊಟ್ಟೆಯಲ್ಲೇ ಎದ್ದೆ.

ಬರಬರುತ್ತ ಗಂಜಿ ಹಿಡಿಸಿತು. ‘ಎಂತ’, ‘ಉಂಟು’ಗಳೂ ನಾಲಗೆಗೆ ಹತ್ತಿದವು. ಹತ್ತದೆ ಉಳಿದದ್ದು ಇಲ್ಲಿಯವರ ಹೊಗಳಿಕೆ, ಕಂಡದ್ದೆಲ್ಲ ‘ಭಾರೀ ಚಂದ’. ನಮ್ಮ ಕಡೆ ‘ಚಲೋ ಐತಿ’ ಅಂದರೆ ಮುಗಿಯಿತು, ಅದರ ಮೇಲೆ ಮಾತಿಲ್ಲ. ನನ್ನ ಗುರುಗಳು ನನ್ನ ಸರ್ಟಿಫಿಕೇಟಿನಲ್ಲಿ ‘ಗುಡ್’ ಅಂತ ಬರೆದ ದಿನ ಅವ್ವ ಓಣಿಗೆಲ್ಲ ಸಕ್ಕರೆ ಹಂಚಿದ್ದಳು.

ಆ ಪದದ ಮೇಲೆ ನನಗೆ ಮೋಹ. ತರಗತಿಯಲ್ಲಿ ಒಂದು ವಾರ ಅದನ್ನೇ ಹೇಳಿಕೊಟ್ಟೆ. ಗುಡ್ ಹಾಲು ಅಂದರೆ ಗಟ್ಟಿಹಾಲು, ಗುಡ್ ಮೀನು ಅಂದರೆ ತಾಜಾ, ಗುಡ್ ಮಳೆ ಅಂದರೆ ಬೇಕಾದಷ್ಟು, ಗುಡ್ ಮನುಷ್ಯ ಅಂದರೆ ನಂಬಬಹುದಾದವನು. ಅದರ ಹನ್ನೆರಡು ಸಮಾನಾರ್ಥಕಗಳನ್ನು ತಡವರಿಸದೆ ಒಪ್ಪಿಸಿದವಳು ಸೆಲಿನ್ ಬಾಯಿಯ ಮಗಳು ಲಿಲ್ಲಿ. “ಎಕ್ಸಲೆಂಟ್, ಸ್ಪ್ಲೆಂಡಿಡ್ ಎಲ್ಲ ಸಂತೆಯ ಕೂಗು. ಗುಡ್ ಒಂದೇ ಸಾಕು” ಅಂತ ಅವಳಿಗೆ ಬುದ್ಧಿ ಹೇಳಿದ್ದೆ. ಎಂಥ ಜಂಬ ನನ್ನದು!

ಎಸ್ಸೆಸ್ಸೆಲ್ಸಿ ಮುಗಿಸಿದ ಲಿಲ್ಲಿ ಮಂಗಳೂರಿನ ಆಸ್ಪತ್ರೆಯೊಂದರ ನರ್ಸ್ ತರಬೇತಿಗೆ ಅರ್ಜಿ ಹಾಕಿದಳು. ಅದೊಂದೇ ಅವಳ ಆಸೆ. ನಡತೆಯ ಸರ್ಟಿಫಿಕೇಟು ಬರೆದವ ನಾನು. ಮನಸಾರೆ, ದುಂಡಗೆ, ‘ಗುಡ್’ ಅಂತ ಬರೆದೆ.

ಅರ್ಜಿ ತಿರುಗಿ ಬಂತು. ವಿಚಾರಿಸಲು ಹೋದಾಗ ಅಲ್ಲಿನ ಗುಮಾಸ್ತರು ಕಟ್ಟು ಬಿಚ್ಚಿ ತೋರಿಸಿದರು. ಉಳಿದವರದೆಲ್ಲ ‘ಎಕ್ಸಲೆಂಟ್’. “ಬರೀ ಗುಡ್ ಅಂತ ಬರೆದರೆ ಹುಡುಗಿಯಲ್ಲಿ ಎಂತದೋ ಉಂಟು, ಮಾಷ್ಟ್ರಿಗೆ ಬಾಯಿಬಿಟ್ಟು ಹೇಳಲಿಕ್ಕೆ ಮನಸ್ಸಿಲ್ಲ ಅಂತ ಅರ್ಥ ಮಾರಾಯ್ರೆ. ನಿಮಗೆ ಗೊತ್ತಿಲ್ವಾ?” ಅಂದರು. ಅಷ್ಟರಲ್ಲಿ ಸೀಟುಗಳೆಲ್ಲ ತುಂಬಿದ್ದವು.

ಬರೆಯುವ ಮೊದಲು ಪಕ್ಕದ ಕುರ್ಚಿಯ ಮಾಷ್ಟ್ರನ್ನು ಒಂದು ಮಾತು ಕೇಳಿದ್ದರೆ ಸಾಕಿತ್ತು. ಕೇಳಲಿಲ್ಲ.

“ಬರುವ ವರ್ಷ ಬೇರೆ ಬರೆದುಕೊಡ್ತೇನೆ ಬಾಯೀ” ಅಂದೆ. “ಅಲ್ಲಿವರೆಗೆ ಮನೆ ನಡೆಯಬೇಕಲ್ಲ ಮಾಷ್ಟ್ರೇ” ಅಂದು ಅವರು ಎಂದಿನಂತೆ ಗಂಜಿ ಬಡಿಸಿದರು. ಲಿಲ್ಲಿ ಬೊಂಬಾಯಿಗೆ ಹೋಗಿ ಯಾರದೋ ಮನೆಯ ಮಕ್ಕಳಿಗೆ ಆಯಾ ಆದಳು.

ಈಗ ನಾನು ಬೆಂಚು ಮುರಿದವನಿಗೂ ‘ಎಕ್ಸಲೆಂಟ್’ ಬರೆಯುತ್ತೇನೆ. ರಜೆಗೆ ಹೋದಾಗ ಅವ್ವ “ಹೆಂಗೈತಪಾ ಆ ಊರು?” ಅಂದಳು. “ಭಾರೀ ಚಂದ ಉಂಟು” ಅಂತ ಬಾಯಿಗೆ ಬಂತು. “ಇಷ್ಟು ಹೊಗಳೂದು ಯಾವಾಗ ಕಲತಿ?” ಅಂತ ನಕ್ಕಳು. ಅವಳ ಕಣ್ಣಿಗೆ ನಾನು ಆಗಲೇ ಪರ ಊರಿನವ.

ಮೊನ್ನೆ ಲಿಲ್ಲಿಯ ಕಾಗದ ಬಂದಿತ್ತು. ಸೆಲಿನ್ ಬಾಯಿ ಕೊಂಕಣಿಯಲ್ಲಿ ಓದಿ ನನಗೆ ಕನ್ನಡದಲ್ಲಿ ಹೇಳಿದರು: “ನಮ್ಮ ಮಾಷ್ಟ್ರು ಒಳ್ಳೆಯವರು, ಕೇಳಿದೆ ಅಂತ ಹೇಳು ಅಂತ ಬರೆದಿದ್ದಾಳೆ.”

ಬರೀ ‘ಒಳ್ಳೆಯವರು’. ನಾನು ಕಲಿಸಿದ ಅಳತೆಯಲ್ಲಿ ಬರೆದಳೋ, ತನ್ನೂರಿನ ಅಳತೆಯಲ್ಲೋ? ಕೇಳುವ ಮುಖ ನನಗಿಲ್ಲ.