ಫಾರಿನ್ನಿನಲ್ಲಿ ನಮ್ಮ ಮಾವ

ನಮ್ಮ ಮಾವ ಪಾಸ್‌ಪೋರ್ಟಿಲ್ಲದೆ ಫಾರಿನ್ನಿಗೆ ಹೋಗಿಬಂದವರು. ಬೆಳಿಗ್ಗೆ ತಿಂಡಿ ತಿಂದು ನಡೆದುಕೊಂಡೇ ಹೋದರು, ಬೇಲಿ ದಾಟಿ. ಮಧ್ಯಾಹ್ನದ ಊಟಕ್ಕೆ ಮನೆಗೆ ವಾಪಸ್ಸು.

ಮಾದಾಪುರದ ಹತ್ತಿರ ನಮ್ಮದೊಂದು ಸಣ್ಣ ಕಾಫಿ ತೋಟ. ಅದಕ್ಕೆ ಅಂಟಿಕೊಂಡೇ ದೊಡ್ಡ ಎಸ್ಟೇಟು, ಎಸ್ಟೇಟಿನ ನಡುವೆ ಬ್ರಿಟಿಷರ ಕಾಲದ ಬಂಗಲೆ. ಆ ವರ್ಷ ಮಳೆ ಮುಗಿದು ಮಂಜು ಮಾತ್ರ ಉಳಿದಿದ್ದಾಗ ಆ ಬಂಗಲೆಗೆ ಸಿನಿಮಾದವರು ಬಂದಿಳಿದರು. ಹಾಸ್ಯ ಚಿತ್ರವಂತೆ. ಮೈಸೂರಿನ ಒಂದು ಕುಟುಂಬ ಜೀವಮಾನದಲ್ಲಿ ಮೊದಲ ಸಲ ವಿದೇಶ ಪ್ರವಾಸಕ್ಕೆ ಹೋಗುತ್ತದೆ, ವಿಮಾನ ಇಳಿದ ಗಳಿಗೆಯಿಂದ ಎಲ್ಲವೂ ಎಡವಟ್ಟು. ಪೆಟ್ಟಿಗೆಗಳು ಕಳೆದುಹೋಗುತ್ತವೆ, ಗೈಡು ಕೈಕೊಡುತ್ತಾನೆ, ಅಜ್ಜಿ ಹೋಟೆಲಿನ ರೂಮಿನಲ್ಲಿ ಒಗ್ಗರಣೆ ಹಾಕಿ ಇಡೀ ಕಟ್ಟಡದ ಬೆಂಕಿ ಗಂಟೆ ಬಾರಿಸುತ್ತಾಳೆ. ಪಾಪ, ಸಿನಿಮಾದವರಿಗೆ ನಿಜವಾದ ವಿದೇಶ ಎಟುಕಲಿಲ್ಲ, ನಮ್ಮ ಮಾದಾಪುರ ಎಟುಕಿತು.

"ಇದು ಯಾವ ದೇಶ ಸಾರ್?" ಎಂದು ನಮ್ಮ ಯಜಮಾನರು ನಿರ್ದೇಶಕರನ್ನು ಕೇಳಿದರು.

"ಫಾರಿನ್, ಅಷ್ಟೇ," ಎಂದರು ಅವರು, ಮುಖದಲ್ಲಿ ನಗುವೇ ಇಲ್ಲ.

ಸಿಲ್ವರ್ ಓಕ್ ಮರಗಳಿಗೆ ಹಬ್ಬಿದ್ದ ಕಾಳುಮೆಣಸಿನ ಬಳ್ಳಿ ಕಾಣಬಾರದೆಂದು ಅದರ ಮೇಲೆಲ್ಲ ಪ್ಲಾಸ್ಟಿಕ್ ಹೂವು ಕಟ್ಟಿಸಿದರು. ಕಾಫಿ ಗಿಡಗಳನ್ನು ಏನು ಮಾಡುವುದು? ಅವು ಮಂಜಿನಲ್ಲಿ ಮಸುಕಾಗಿ ಕಾಣುತ್ತವೆ, ಯಾರೂ ಗಮನಿಸುವುದಿಲ್ಲ ಎಂದು ಸಮಾಧಾನ ಮಾಡಿಕೊಂಡರು. ಜಿಗಣೆಗಳಿಗೆ ಮಾತ್ರ ಇದು ಫಾರಿನ್ ಎಂದು ಯಾರೂ ಹೇಳಿರಲಿಲ್ಲ. ಅಜ್ಜಿಯ ಪಾತ್ರದ ನಟಿ ಸೀರೆ ಎತ್ತಿ ಹಿಡಿದು ಕುಣಿದ ಕುಣಿತವನ್ನು ಹಾಗೆಯೇ ಚಿತ್ರದಲ್ಲಿ ಉಳಿಸಿಕೊಂಡಿದ್ದಾರೆ.

ಒಂದು ದೃಶ್ಯಕ್ಕೆ ವಯಸ್ಸಾದ ವಿದೇಶಿಯೊಬ್ಬ ಬೇಕಾಗಿತ್ತು. ಮಾವ ಆರಡಿ ಎತ್ತರ, ಕೆಂಪಗಿನ ಬಣ್ಣ, ಚೂಪು ಮೂಗು. ಬೇಲಿಯಾಚೆ ನಿಂತು ತಮಾಷೆ ನೋಡುತ್ತಿದ್ದವರನ್ನು ನಿರ್ದೇಶಕರೇ ಬಂದು ಕೈ ಹಿಡಿದು ಕರೆದೊಯ್ದರು. ಜೀವನವಿಡೀ ಕ್ಯಾಮೆರಾ ಕಂಡರೆ ದೂರ ಓಡುತ್ತಿದ್ದ ಮನುಷ್ಯ ಅದು ಹೇಗೆ ಒಪ್ಪಿಕೊಂಡರೋ ನನಗೆ ಇಂದಿಗೂ ಗೊತ್ತಿಲ್ಲ. ಮಾರನೆಯ ಬೆಳಿಗ್ಗೆ ಹಣೆಯ ವಿಭೂತಿ ಒರೆಸಿಕೊಳ್ಳುತ್ತ, "ಬೇಗ ತಿಂಡಿ ಕೊಡೇ, ಫಾರಿನ್ನಿಗೆ ಹೊತ್ತಾಯ್ತು," ಎಂದು ಅತ್ತೆಗೆ ಅವಸರ ಮಾಡಿದರು.

"ಆ ವೇಷ ನಾನು ನೋಡಲ್ಲಪ್ಪ, ನೀವೇ ಹೋಗಿ ಮೆರೀರಿ," ಎಂದು ಅತ್ತೆ ಒಳಗೇ ಉಳಿದರು. ನಾನು ಬಿಡುತ್ತೇನೆಯೇ? ಹಿಂದೆಯೇ ಹೋದೆ.

ಉದ್ದನೆಯ ಕಪ್ಪು ಕೋಟು, ತಲೆಗೆ ಟೋಪಿ. ಮಾವ ಮಾಡಬೇಕಾದದ್ದು ಇಷ್ಟೇ: ಆ ಕುಟುಂಬ ದಾರಿ ತಪ್ಪಿ, ಉಳಿದಿರುವ ಒಂದೇ ಪೆಟ್ಟಿಗೆಯ ಮೇಲೆ ಕೂತು ಅಳುತ್ತಿರುತ್ತದೆ. ಇವರು ಅವರ ಹಿಂದಿನಿಂದ, ಗಿಡಗಳ ಪಕ್ಕದಲ್ಲಿ, ಯಾರನ್ನೂ ನೋಡದೆ ನಡೆದುಹೋಗಬೇಕು. ಮಾವ ನಡೆದರು. ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಕೈ ತಾನಾಗಿ ಪಕ್ಕದ ಕಾಫಿ ಗಿಡಕ್ಕೆ ಹೋಯಿತು, ಪಟ್ ಎಂದು ಒಂದು ಚಿಗುರು ಮುರಿದು ಬಿಸಾಡಿತು.

"ಕಟ್!"

ಕಾಫಿಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಗಿಡದ ಕಾಂಡದಿಂದ ನೆಟ್ಟಗೆ ಮೇಲೇಳುವ ಕಂಬಚಿಗುರು ಫಸಲು ಕೊಡುವುದಿಲ್ಲ, ಗಿಡದ ಸತ್ವವನ್ನೆಲ್ಲ ತಾನೇ ಕುಡಿಯುತ್ತದೆ. ಕಂಡ ಕಂಡಲ್ಲಿ ಅದನ್ನು ಮುರಿಯುವುದು ನಮಗೆ ಅಭ್ಯಾಸ. ಯಾರ ತೋಟವಾದರೂ ಸರಿ, ಮದುವೆಗೆ ಹೊರಟ ರೇಷ್ಮೆ ಸೀರೆಯಲ್ಲಾದರೂ ಸರಿ. ಮತ್ತೆ ನಡೆಸಿದರು, ಮತ್ತೆ ಮುರಿದರು. ಕೈಯನ್ನು ಕೋಟಿನ ಜೇಬಿನಲ್ಲಿ ಇಟ್ಟುಕೊಳ್ಳಲು ಹೇಳಿದರು. ಕೈ ಜೇಬಿನಿಂದ ಹೊರಬಂದು ಮುರಿದು, ಮರ್ಯಾದೆಯಿಂದ ಜೇಬಿಗೆ ವಾಪಸ್ಸು ಹೋಯಿತು. ನನಗೆ ಹೊಟ್ಟೆ ಹಿಡಿದುಕೊಳ್ಳುವಷ್ಟು ನಗು. ಕೊನೆಗೆ ನಿರ್ದೇಶಕರು ಸೋತು, "ಇರಲಿ ಬಿಡಿ, ಎಡಿಟಿಂಗಲ್ಲಿ ನೋಡ್ಕೊಳ್ಳೋಣ," ಎಂದರು.

ಮನೆಗೆ ಬಂದು ಮಾವ ಸಪ್ಪಗೆ ಕೂತರು. "ನಾನೇನು ಬೇಕು ಅಂತ ಮಾಡಿದ್ನ? ಕೈ ಕೇಳ್ಬೇಕಲ್ಲ," ಎಂದರು. ಅತ್ತೆ ಒಂದು ಲೋಟ ಬೆಲ್ಲದ ಕಾಫಿ ತಂದು ಮುಂದಿಟ್ಟರು. ಅಷ್ಟೇ, ಗೇಲಿ ಮಾಡಲಿಲ್ಲ.

ಆ ಸಲದ ಕೊಯ್ಲು ಮುಗಿದು, ಕಣದಲ್ಲಿ ಕಾಫಿ ಇನ್ನೂ ಒಣಗುತ್ತಿರುವಾಗಲೇ ಮಾವ ತೀರಿಕೊಂಡರು. ಕಾಯಿಲೆ ಇಲ್ಲ, ಕಸಾಲೆ ಇಲ್ಲ. ಎದೆ ನೋವು ಎಂದವರನ್ನು ಜೀಪಿಗೆ ಹತ್ತಿಸಿ ಮಡಿಕೇರಿ ಮುಟ್ಟುವುದರೊಳಗೆ ಎಲ್ಲ ಮುಗಿದಿತ್ತು.

ಗೋಡೆಗೆ ಹಾಕಲು ಒಂದು ಫೋಟೋ ಬೇಕಲ್ಲ. ಹುಡುಕಿದರೆ ಸಿಕ್ಕಿದ್ದು ಯಾವುದೋ ಕಾರ್ಡಿಗೆ ತೆಗೆಸಿದ್ದು. ಕಣ್ಣು ಬಿಟ್ಟುಕೊಂಡು, ತುಟಿ ಬಿಗಿದುಕೊಂಡು, ಯಾರೋ ಬೈದು ಕೂರಿಸಿದಂತೆ. ಅದನ್ನೇ ದೊಡ್ಡದು ಮಾಡಿಸಿ ಗಂಧದ ಹಾರ ಹಾಕಿದೆವು. ಅತ್ತೆ ಅದರ ಮುಂದೆ ಬಹಳ ಹೊತ್ತು ನಿಂತು, "ಇದು ಅವ್ರಲ್ಲ," ಎಂದರು.

ಅದಾದ ಮೇಲೆ ಅವರು ತೋಟಕ್ಕೆ ಇಳಿಯುವುದನ್ನೇ ಬಿಟ್ಟರು. ಅದು ಸಣ್ಣ ಮಾತಲ್ಲ. ಮದುವೆಯಾಗಿ ಬಂದ ದಿನದಿಂದ ಬೆಳಿಗ್ಗೆ ಮಾವ ಮುಂದೆ, ಅತ್ತೆ ಹಿಂದೆ, ತೋಟಕ್ಕೊಂದು ಸುತ್ತು. ಮಾವ ಚಿಗುರು ಮುರಿಯುತ್ತ ಹೋಗುವುದು, ಅತ್ತೆ ಅವರು ಬಿಟ್ಟದ್ದನ್ನು ಮುರಿಯುತ್ತ, "ಕಣ್ಣು ಎಲ್ಲಿಟ್ಟಿದ್ರಿ?" ಎಂದು ಗೊಣಗುತ್ತ ಹಿಂಬಾಲಿಸುವುದು. ಈಗ ಜಗಲಿಯಲ್ಲಿ ಕೂತು ತೋಟದ ಕಡೆ ನೋಡುತ್ತಿರುತ್ತಿದ್ದರು. ಒಂದು ದಿನ ಅವರೇ ಬಾಯಿಬಿಟ್ಟರು. "ಮುಖ ನೆನಪಿಗೆ ಬತ್ತದೆ ಕಣೆ. ಮಾತೂ ಕೇಳ್ತದೆ. ನಡಿಯೋದು ಬತ್ತಿಲ್ಲ. ಅಷ್ಟು ವರ್ಷ ಬೆನ್ನ ಹಿಂದೆ ನಡ್ದೆ, ಈಗ ಕಣ್ಮುಚ್ಚಿದ್ರೆ ಆ ಬೆನ್ನೇ ಬತ್ತಿಲ್ಲ."

ಅತ್ತೆ ಅಳುವುದನ್ನು ನೋಡಿದ್ದೆ. ಹೀಗೆ ಹೆದರಿದ್ದನ್ನು ನೋಡಿರಲಿಲ್ಲ. ಆಗಲೇ ಸಿನಿಮಾ ನೆನಪಾದದ್ದು.

ಮುಂದಿನ ಮಳೆಗಾಲದಲ್ಲಿ ಅದು ಬಿಡುಗಡೆಯಾಯಿತು. ಕುಶಾಲನಗರದ ಟಾಕೀಸಿಗೆ ಬಂದಿದೆ ಎಂದು ಗೊತ್ತಾದಾಗ ಅತ್ತೆಯನ್ನು ಕರೆದುಕೊಂಡು ಹೋಗುವುದೋ ಬೇಡವೋ ಎಂಬ ಯೋಚನೆ. ಮಾವನ ದೃಶ್ಯವನ್ನೇ ಕತ್ತರಿಸಿ ಹಾಕಿದ್ದರೆ? ಅಷ್ಟು ಆಸೆ ಹುಟ್ಟಿಸಿ ಬರಿಗೈಯಲ್ಲಿ ವಾಪಸ್ಸು ಕರೆತರುವುದು ಹೇಗೆ? "ಇಲ್ದೇನೂ ಇರಬಹುದು ಅತ್ತೆ," ಎಂದು ಮೊದಲೇ ಹೇಳಿಟ್ಟೆ. "ಇಲ್ದಿದ್ರೆ ಇಲ್ಲ," ಎಂದರು. ಆದರೂ ಆ ದಿನ ಒಳ್ಳೆಯ ಸೀರೆ ಉಟ್ಟಿದ್ದರು.

ಟಾಕೀಸಿನಲ್ಲಿ ಅರ್ಧಕ್ಕರ್ಧ ನಮ್ಮ ಕಡೆಯ ಕಾಫಿಯವರೇ. ವಿಮಾನ ಇಳಿದ ಕುಟುಂಬ ಬಂಗಲೆಯ ಮುಂದೆ ಬಂದು ನಿಂತ ಕೂಡಲೇ, "ಅಯ್ಯೋ, ಇದು ನಮ್ಮ ಎಸ್ಟೇಟ್ ಗೇಟಲ್ವಾ!" ಎಂದು ಕೂಗು. ಅಜ್ಜಿ ಜಿಗಣೆಗೆ ಕುಣಿದಾಗಂತೂ ಜನ ಸೀಟಿನಿಂದ ಬೀಳುವುದೊಂದು ಬಾಕಿ. ಅತ್ತೆ ನಗಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂತಿದ್ದರು. ಇಂಟರ್ವಲ್ ಆಯಿತು, ಮುಗಿಯಿತು. ಮಾವ ಬರಲಿಲ್ಲ.

ಆಮೇಲೆ ಆ ಕುಟುಂಬ ದಾರಿ ತಪ್ಪಿ ಪೆಟ್ಟಿಗೆಯ ಮೇಲೆ ಕೂತಿತು. ನಾನು ಅತ್ತೆಯ ಕೈ ಹಿಡಿದುಕೊಂಡೆ.

ಮಂಜಿನೊಳಗಿನಿಂದ ಕಪ್ಪು ಕೋಟು ಬಂತು. ಬಲ ಭುಜ ಸ್ವಲ್ಪ ಮೇಲೆ, ಎಡಗಾಲು ಸ್ವಲ್ಪ ಹೊರಗೆ, ಏನೂ ಅವಸರವಿಲ್ಲದ ನಡಿಗೆ. ಬೆನ್ನು ಈ ಕಡೆಗೆ ತಿರುಗಿತು. ಕೈ ಜೇಬಿನಿಂದ ಹೊರಬಂತು, ಚಿಗುರು ಮುರಿಯಿತು, ಬಿಸಾಡಿತು, ಒಳಗೆ ಹೋಯಿತು.

ಹಿಂದಿನ ಸಾಲಿನಿಂದ ಯಾರೋ, "ಫಾರಿನ್ನವ್ರೂ ಚಿಗುರು ತೆಗಿತಾರೆ ಕಣ್ರೋ!" ಎಂದು ಕೂಗಿದ್ದೇ ತಡ, ಚಾವಣಿ ಹಾರಿಹೋಗುವಂಥ ನಗು. ಮೈಸೂರಿನಲ್ಲಿ, ಬೆಂಗಳೂರಿನಲ್ಲಿ ಈ ಜಾಗದಲ್ಲಿ ಒಬ್ಬರೂ ನಕ್ಕಿರಲಾರರು. ನನಗೆ ಮಾತ್ರ ಸಿಟ್ಟೇ ಬಂತು. ಈ ಜನಕ್ಕೇನು ಗೊತ್ತು, ಆ ಕೋಟಿನವರ ಹೆಂಡತಿಯೇ ಇಲ್ಲಿ ಕೂತಿದ್ದಾರೆ ಎಂದು ಅತ್ತೆಯ ಕಡೆ ತಿರುಗಿದೆ.

ಅತ್ತೆ ಮುಂದಿನ ಸೀಟಿನ ಅಂಚು ಹಿಡಿದು ಬಗ್ಗಿ ನೋಡುತ್ತಿದ್ದರು. ಕಣ್ಣಲ್ಲಿ ನೀರು, ಬಾಯಲ್ಲಿ ಅದೇ ಹಳೆಯ ಗೊಣಗು.

"ಎಡಗಡೆ ಗಿಡದಲ್ಲಿ ಒಂದು ಬಿಟ್ಟೇ ಹೋದ್ರು. ನೋಡಿದ್ಯೇನೆ?"

ನಾನು ನೋಡಿರಲಿಲ್ಲ. ನನಗೆ ಅಳು ಬಂದುಬಿಟ್ಟಿತು.

ಆ ಕುಟುಂಬ ಹೇಗೆ ಊರು ಸೇರಿತೋ ನಮ್ಮಿಬ್ಬರಿಗೂ ತಿಳಿಯದು. ಮಾರನೆಯ ಬೆಳಿಗ್ಗೆ ನಾನು ಅಕ್ಕಿರೊಟ್ಟಿ ತಟ್ಟುತ್ತಿದ್ದಾಗ ಅತ್ತೆ ಹಿತ್ತಲ ಬಾಗಿಲಲ್ಲಿ ಬಂದು ನಿಂತರು. ತಲೆಗೆ ಬಟ್ಟೆ ಕಟ್ಟಿದ್ದರು, ಕಾಲಿಗೆ ಬೂಟು ಹಾಕಿದ್ದರು. "ಬತ್ತೀಯಾ?" ಎಂದರು.

ಒಲೆ ಆರಿಸಿ ಹೊರಟೆ. ತೋಟದ ಕಾಲುದಾರಿಯಲ್ಲಿ ಇಬ್ಬರು ಜೊತೆಗೆ ನಡೆಯಲು ಆಗುವುದಿಲ್ಲ. ಮಳೆಗೆ ಜಾರುತ್ತಿದೆ, ವಯಸ್ಸಾದವರು, ನಾನೇ ಮುಂದೆ ಹೋಗೋಣ ಎಂದು ಕಾಲಿಟ್ಟೆ. ಅತ್ತೆ ನನ್ನ ತೋಳು ಹಿಡಿದು ನಿಲ್ಲಿಸಿದರು.

"ಮುಂದೆ ಹೋಗ್ಬೇಡ, ನನ್ನ ಹಿಂದೆ ಬಾ," ಎಂದರು. "ಅವ್ರು ಬಿಟ್ಟಿದ್ದನ್ನ ನಾನು ನೋಡ್ಕೊಂಡು ಹೋಗ್ಬೇಕಲ್ಲ."