ಪ್ರಾರ್ಥನೆಯಲ್ಲಿ ಹೇಳಿದ ಹೆಸರು

ಶೈಲಾಳ ಮದುವೆ ಮುರಿದದ್ದು ನನ್ನ ಬಾಯಿಂದ. ಅವಳ ಸೋದರತ್ತೆ ಸಾವಿತ್ರಿಯ ಬಾಯಿಂದಲ್ಲ. ಅವರ ಊರು ಹೊಳನಗದ್ದೆಯಲ್ಲಿ ಇಷ್ಟು ವರ್ಷ ಎಲ್ಲರೂ ನಂಬಿಕೊಂಡು ಬಂದದ್ದು ಸುಳ್ಳು. ಆ ಸುಳ್ಳನ್ನು ನಾನು ಹುಟ್ಟಿಸಲಿಲ್ಲ — ಅದು ಬೆಳೆಯುವುದನ್ನು ಸುಮ್ಮನೆ ನೋಡುತ್ತ ಕೂತೆ.

ನಾನು ಕುಮಟೆಯ ಶಾಲೆಯೊಂದರಲ್ಲಿ ಶಿಕ್ಷಕಿಯಾಗಿದ್ದವಳು. ಶೈಲಾ ನನ್ನ ಹತ್ತಿರ ಕಲಿತ ಹುಡುಗಿ. ಅವಳ ತಾಯಿ ನಾಗವೇಣಿ ತರಕಾರಿ ಬೆಳೆದು ಪೇಟೆಗೆ ತರುತ್ತಿದ್ದಳು. ಬುಟ್ಟಿ ಖಾಲಿಯಾದ ಮೇಲೆ ನಮ್ಮ ಮನೆಯ ಜಗಲಿಯಲ್ಲಿ ಕೂತು ಚಾ ಕುಡಿದು ಹೋಗುವುದು ರೂಢಿ. ಶೈಲಾಗೆ ಹೊನ್ನಾವರದಲ್ಲಿ ಗಂಡು ಗೊತ್ತಾದ ವರ್ಷ, ಒಂದು ಮಧ್ಯಾಹ್ನ, ನಾಗವೇಣಿ ಚಾ ಮುಟ್ಟದೆ ಕೂತಳು. ಮಗಳಿಗೆ ಆಗೊಮ್ಮೆ ಈಗೊಮ್ಮೆ ಫಿಟ್ಸ್ ಬರುತ್ತದಂತೆ. ಮಾತ್ರೆಯಿಂದ ಹಿಡಿತದಲ್ಲಿದೆ. ಮನೆಯವರನ್ನು ಬಿಟ್ಟರೆ ಗೊತ್ತಿರುವುದು ನಾದಿನಿ ಸಾವಿತ್ರಿಗೆ ಮಾತ್ರ.

"ಮುಚ್ಚಿಡೂಕೆ ಮಗಳಿಗೆ ಮನಸ್ಸಿಲ್ಲ ಅಕ್ಕೋರೆ. ಹುಡುಗನ ಹತ್ರ ತಾನೇ ಹೇಳ್ತೆ ಅಂತದೆ. ಬಾಯಿ ಬರೂದಿಲ್ಲ, ಅಷ್ಟೇ," ಎಂದಳು. "ನಮ್ಮ ಪೈಕಿಯವರ ಹತ್ರ ಹೇಳಿದ್ರೆ ಊರೆಲ್ಲ ಆತದೆ. ನಿಮ್ಮ ದೇವರಿಗೆ ನಮ್ಮ ನೆಂಟರ ಪರಿಚಯ ಇಲ್ಲ. ಹುಡುಗಿಗೆ ಸ್ವಲ್ಪ ಧೈರ್ಯ ಕೊಡ್ಲಿ ಅಂತ ಕೇಳಿ."

ಕೇಳುತ್ತೇನೆ ಎಂದೆ. ಅವಳ ಕೈ ಹಿಡಿದೇ ಹೇಳಿದೆ.

ನಮ್ಮ ಕೇರಿಯ ಕ್ರೈಸ್ತ ಮನೆಗಳವರು ವಾರಕ್ಕೊಮ್ಮೆ ಒಂದೊಂದು ಮನೆಯಲ್ಲಿ ಸೇರಿ ಜಪಮಾಲೆ ಹೇಳುತ್ತೇವೆ. ಕೊನೆಗೆ ಒಬ್ಬೊಬ್ಬರಾಗಿ ಇತರರಿಗಾಗಿ ಬೇಡಿಕೊಳ್ಳುವ ಹೊತ್ತು. ಆ ವಾರ ಯಾರೋ ಮಗನ ಪರೀಕ್ಷೆಗೆ, ಯಾರೋ ಮಂಡಿನೋವಿಗೆ ಬೇಡಿಕೊಂಡರು. ನನ್ನ ಸರದಿ ಬಂತು. 'ಒಬ್ಬ ಹುಡುಗಿಗಾಗಿ' ಎಂದಿದ್ದರೆ ಸಾಕಿತ್ತು. ದೇವರಿಗೆ ಹೆಸರು ಬೇಕಿರಲಿಲ್ಲ. ನಾನು ಹೆಸರು ಹೇಳಿದೆ, ಊರು ಹೇಳಿದೆ, ಕಾಯಿಲೆ ಹೇಳಿದೆ, ಗಂಡಿನ ಮನೆ ಹೊನ್ನಾವರ ಎಂಬುದನ್ನೂ ಸೇರಿಸಿದೆ. ಸುತ್ತ ಕೂತವರು 'ಅಯ್ಯೋ' ಎಂದು ಮೆಲ್ಲಗೆ ಉಸಿರು ಬಿಟ್ಟರು — ಆ ಉಸಿರು ನನಗೆ ಹಿತವಾಗಿತ್ತು. ಇದನ್ನು ಒಪ್ಪಿಕೊಳ್ಳುವುದೇ ಎಲ್ಲಕ್ಕಿಂತ ಕಷ್ಟ. ಮಂಡಿನೋವಿಗಿಂತ ದೊಡ್ಡದೊಂದು ಕೋರಿಕೆ ನನ್ನ ಹತ್ತಿರ ಇತ್ತಲ್ಲ...

ಆ ಮನೆಗೆ ಅಂದು ಹೊನ್ನಾವರದಿಂದ ನೆಂಟರೊಬ್ಬರು ಬಂದಿದ್ದರು. ಅವರ ಮನೆ ಗಂಡಿನ ಮನೆಯ ಪಕ್ಕದ್ದೇ ಎಂದು ನನಗೆ ತಿಳಿದದ್ದು ಆಮೇಲೆ. ಮೊದಲೇ ತಿಳಿದಿರಲಿಲ್ಲ ಎನ್ನುವುದು ನಿಜ. ಆದರೆ ಆ ನಿಜದಿಂದ ಯಾರಿಗೂ ಏನೂ ಉಪಯೋಗವಾಗಲಿಲ್ಲ.

ಶೈಲಾ ಹುಡುಗನಿಗೆ ಹೇಳಲು ಗಟ್ಟಿ ಮನಸ್ಸು ಮಾಡಿದ್ದಳು. ಬರುವ ಭಾನುವಾರ ಅವನೇ ಬರುವವನಿದ್ದ. ಅದಕ್ಕೆ ಮುಂಚೆ ಗಂಡಿನ ಕಡೆಯವರು ಬಂದು, 'ರೋಗ ಮುಚ್ಚಿಟ್ಟು ಕಟ್ಟೂಕೆ ನೋಡಿದ್ರಿ' ಎಂದು ಅಂಗಳದಲ್ಲಿ ನಿಂತೇ ಹೇಳಿ ಹೋದರು. ತಾನಾಗಿ ಹೇಳಬೇಕೆಂದಿದ್ದ ಹುಡುಗಿ ಸುಳ್ಳುಗಾರ್ತಿಯಾದಳು.

ಹೊರಗಿನವರಲ್ಲಿ ವಿಷಯ ಗೊತ್ತಿದ್ದದ್ದು ಸಾವಿತ್ರಿಗೆ ಮಾತ್ರ ಎಂಬುದು ನಾಗವೇಣಿಯ ಲೆಕ್ಕ. ನನ್ನ ಮೇಲೆ ಅನುಮಾನವೇ ಬರಲಿಲ್ಲ — ನಾನು ಪ್ರಾರ್ಥಿಸುವವಳಲ್ಲವೇ. ನಾದಿನಿಯನ್ನು ಹೊಸ್ತಿಲು ದಾಟಗೊಡಲಿಲ್ಲ. ಸಾವಿತ್ರಿ ಒಂದು ದಿನ ನಮ್ಮ ಮನೆಗೇ ಬಂದಳು.

"ಎಂತ ಆಣೆ ಹಾಕಿದ್ರೂ ಅತ್ತಿಗೆ ನಂಬೂದಿಲ್ಲ. ನೀವು ಒಂದು ಮಾತು ಹೇಳಿ ಅಕ್ಕೋರೆ. ನಿಮ್ಮ ಮಾತಾದ್ರೆ ಕೇಳ್ತದೆ."

ಸತ್ಯ ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. "ಪ್ರಾರ್ಥನೆ ಮಾಡ್ತೇನೆ ಸಾವಿತ್ರಿ," ಎಂದೆ. ಅವಳು ನನಗೆ ಕೈಮುಗಿದು ಹೋದಳು.

ಮೊಣಕಾಲೂರಿದ್ದೂ ನಿಜ. ಆದರೆ ಏನೆಂದು ಬೇಡುವುದು? ಸತ್ಯ ಹೊರಬರಲಿ ಎಂದೇ? ದೇವರು ಕೇಳಿಸಿಕೊಂಡುಬಿಟ್ಟರೆ ಎಂದು ಹೆದರಿ ಎದ್ದೆ. ಪಾದ್ರಿಗಳ ಮುಂದೆ ಪಾಪನಿವೇದನೆಯಲ್ಲೂ 'ಮಾತು ಹೆಚ್ಚು ಆಡಿದೆ' ಎಂದಷ್ಟೇ ಹೇಳಿದೆ. ಯಾರ ಮಾತು, ಯಾರ ಬದುಕು — ಅದನ್ನು ಹೇಳಲಿಲ್ಲ. ಶೈಲಾ ಈಗ ಕುಮಟೆಯ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ, ಮದುವೆಯಾಗಿಲ್ಲ. ಕಂಡಾಗಲೆಲ್ಲ 'ಅಕ್ಕೋರೆ, ಹುಷಾರಿದ್ರಾ' ಎಂದು ನಗುತ್ತಾಳೆ. ನಾನೂ ನಗುತ್ತೇನೆ.

ಹೋದ ಮಳೆಗಾಲದಲ್ಲಿ ಸಾವಿತ್ರಿ ತೀರಿಕೊಂಡಳು. ಸುದ್ದಿ ಕೇಳಿದ ಮೇಲೆ ನೆಮ್ಮದಿಯಾಗಿ ಇರಲಾಗಲಿಲ್ಲ. ಹೇಳಬೇಕು, ಹೇಳಬೇಕು ಎಂದುಕೊಂಡೇ ಕೆಲವು ವಾರ ಕಳೆದು, ಕೊನೆಗೊಂದು ದಿನ ಹೊಳನಗದ್ದೆಗೆ ಹೋದೆ. ನಾಗವೇಣಿ ಹರಿವೆಸೊಪ್ಪಿನ ಕಟ್ಟು ಕಟ್ಟುತ್ತಿದ್ದಳು. ನಿಂತಲ್ಲೇ ಎಲ್ಲವನ್ನೂ ಹೇಳಿದೆ. ಕೂತರೆ ಮತ್ತೆ ಬೇರೆ ಮಾತಿಗೆ ಜಾರುತ್ತೇನೆಂದು ನನಗೆ ಗೊತ್ತಿತ್ತು. ಅವಳು ಬೈಯಲಿಲ್ಲ. ಬಾಳೆನಾರು ಬೆರಳಿಗೆ ಸುತ್ತಿಕೊಂಡಂತೆಯೇ ಸೊಪ್ಪಿನ ಕಟ್ಟನ್ನು ಬದಿಗಿಟ್ಟಳು.

"ಸಾವಿತ್ರಿ ಹೋದಾಗ ಮುಖ ನೋಡೂಕೂ ನಾನು ಹೋಗ್ಲಿಲ್ಲ," ಎಂದಳು.

ನನ್ನದು ರೂಢಿಯಾದ ಬಾಯಿ — "ನಿಮಗಾಗಿ ನಾನು..." ಎಂದು ಶುರುಮಾಡಿತು.

ಅವಳು ಕೈ ಅಡ್ಡ ಹಿಡಿದಳು. "ಬೇಡ ಅಕ್ಕೋರೆ. ನಮ್ಮ ಹೆಸರು ಇನ್ನು ಎಲ್ಲೂ ಹೇಳ್ಬೇಡಿ. ನಿಮ್ಮ ದೇವರ ಹತ್ರವೂ."

ಈಗಲೂ ವಾರಕ್ಕೊಮ್ಮೆ ಜಪಮಾಲೆಗೆ ಹೋಗುತ್ತೇನೆ. ಸರದಿ ಬಂದಾಗ ಆ ಮೂವರ ಹೆಸರು ಗಂಟಲಿನವರೆಗೆ ಬರುತ್ತದೆ. ನುಂಗಿಕೊಳ್ಳುತ್ತೇನೆ. ವಯಸ್ಸಾಯಿತು, ಮರೆತಿರಬೇಕು ಎಂದುಕೊಂಡು ಪಕ್ಕದವರು ತಮ್ಮ ಕೋರಿಕೆ ಶುರುಮಾಡುತ್ತಾರೆ. ತಲೆ ತಗ್ಗಿಸಿ ಎಲ್ಲರೊಂದಿಗೆ 'ಆಮೆನ್' ಎನ್ನುತ್ತೇನೆ — ಬೇರೆಯವರ ಮಕ್ಕಳಿಗಾಗಿ.