ಮಾಬೂಬಿ ಖಾಲಾರ ಒಳದಾರಿ

ಸವಣೂರಿನ ನಮ್ಮ ಓಣಿಯಲ್ಲಿ ಬೀದಿಗಿಳಿಯದೆ ಮನೆಯಿಂದ ಮನೆಗೆ ಹೋಗುವ ದಾರಿಯೊಂದಿತ್ತು. ಒಂದಕ್ಕೊಂದು ಅಂಟಿಕೊಂಡ ಮನೆಗಳ ನಡುಗೋಡೆಗಳಲ್ಲಿ ಹೆಂಗಸರಿಗೆಂದು ಬಿಟ್ಟ ಸಣ್ಣ ಬಾಗಿಲುಗಳು, ಎಲ್ಲವೂ ಒಂದೇ ಸಾಲಿನಲ್ಲಿ. ಈಗ ಗಚ್ಚು ಉದುರಿ ಮಣ್ಣು ಕಾಣುತ್ತಿದೆ, ಕೆತ್ತನೆಯ ಕಂಬಗಳಿಗೆ ಕೇಬಲ್ ಸುತ್ತಿದೆ, ಮೂಲೆಮನೆ ಕೆಡವಿ ಗಾಜಿನ ಅಂಗಡಿ ಎಬ್ಬಿಸಿದ್ದಾರೆ. ಬಾಗಿಲುಗಳನ್ನೂ ಒಂದೊಂದಾಗಿ ಮುಚ್ಚಿದರು. ಉಳಿದದ್ದು ನಮ್ಮ ಮನೆಯ ಎಡಬಲದ ಎರಡೇ.

ಅವು ಉಳಿದದ್ದು ಓಣಿಗೆಲ್ಲ ಚಿಕ್ಕಮ್ಮನಂತಿರುವ ಮಾಬೂಬಿ ಖಾಲಾರಿಗಾಗಿ. ಹುಟ್ಟಿದ್ದು ನಮ್ಮ ಬಲಗಡೆಯ ಮನೆಯಲ್ಲಿ, ಲಗ್ನವಾಗಿ ಹೋದದ್ದು ಎಡಗಡೆಯ ಮನೆಗೆ. ಮದುಮಗಳಾಗಿಯೂ ನಮ್ಮ ಪಡಸಾಲೆಯೊಳಗಿಂದಲೇ ದಾಟಿದರಂತೆ. ಬೆಳಗ್ಗೆ ವೀಳ್ಯದೆಲೆಯ ಕಟ್ಟು ಕಟ್ಟುತ್ತಾರೆ. ಮಧ್ಯಾಹ್ನ ತವರಿನಲ್ಲಿ ಹಾಸಿಗೆ ಹಿಡಿದಿರುವ ತಂಗಿ ಶಾಕೀರಾಳಿಗೆ ಗಂಜಿ ಒಯ್ಯುತ್ತಾರೆ. ಮೊಣಕಾಲು ಹಿಡಿದ ಮೇಲೆ ಎತ್ತರದ ಕಟ್ಟೆಯಿಂದ ಬೀದಿಗಿಳಿಯಲಾರರು.

ನಾನು ಮಗಳು ಮಾಹೀರಾಳನ್ನು ಮಲಗಿಸುತ್ತ ತೂಕಡಿಸುವ ಹೊತ್ತದು. ಬೆಳಕಿಂಡಿಯಿಂದ ಇಳಿದ ಬಿಸಿಲುಕೋಲಿನಲ್ಲಿ ಧೂಳು ತೇಲುತ್ತಿರುತ್ತದೆ. ಬಿಳಿ ಓಢಣಿಯೊಂದು ಒಂದು ಬಾಗಿಲಲ್ಲಿ ಮೂಡಿ ಇನ್ನೊಂದರಲ್ಲಿ ಕರಗುತ್ತದೆ. ಖಾಲಾ ಬಂದರೋ, ಕನಸು ಬಿತ್ತೋ, ಎಷ್ಟೋ ಸಲ ನನಗೆ ತಿಳಿದಿಲ್ಲ.

ಆದರೆ ಆ ಧೂಳು! ಅದು ಉದುರುತ್ತಿದ್ದದ್ದು ಎಡಬಾಗಿಲ ಮೇಲಿನ ತೊಲೆಯಿಂದ; ತೊಲೆಗೆ ಗೆದ್ದಲು ಹಿಡಿದಿತ್ತು. ಒಂದು ದಿನ ಅಂಬೆಗಾಲಿಡುತ್ತಿದ್ದ ಮಾಹೀರಾಳ ಪಕ್ಕಕ್ಕೇ ಮಣ್ಣಿನ ಹೆಂಟೆ ಬಿತ್ತು. ಆಮೇಲೆ ಅವಳನ್ನು ನೆಲಕ್ಕೆ ಬಿಡಲು ನನಗೆ ಮನಸ್ಸೇ ಬರಲಿಲ್ಲ. ತೊಲೆಯಡಿ ಇಟ್ಟಿಗೆ ತುಂಬಿ ಆ ಬಾಗಿಲು ಮುಚ್ಚಿಸಲೆಂದು ಗೌಂಡಿ ನೀಲಪ್ಪನನ್ನು ಕರೆಸಿದೆ.

ನಡುಗೋಡೆಯ ಬಾಗಿಲು ಮುಚ್ಚುವಾಗ ಎರಡೂ ಮನೆಯವರು ತಂತಮ್ಮ ಕಡೆ ನಿಂತು ಒಂದೊಂದು ಇಟ್ಟಿಗೆ ಇಡುವುದು ಓಣಿಯ ರೀತಿ. ನಾನು ನನ್ನದನ್ನು ಇಟ್ಟೆ. ಖಾಲಾ ತಮ್ಮದನ್ನು ಎತ್ತಿಕೊಂಡು ಹೊಸ್ತಿಲಲ್ಲೇ ನಿಂತುಬಿಟ್ಟರು.

"ಯಾವ ಕಡೆ ನಿಂದರ್ಲೋ ನೀಲಪ್ಪಾ?"

"ನಿಮ್ಮ ಮನಿ ಕಡೆ ರೀ, ಮಾಬೂಬಕ್ಕಾ."

"ಆ ಕಡೆ ನಿಂತ್ರ ಶಾಕೀರಾಗ ಗಂಜಿ ಯಾರು ಕುಡಸ್ತಾರ? ಈ ಕಡೆ ನಿಂತ್ರ ನನ್ನ ಗಂಡಗ ರೊಟ್ಟಿ ಯಾರು ಬಡೀತಾರ? ಅವಂಗ ಚಾ ಕಾಸಾಕೂ ಬರೂದಿಲ್ಲ." ನನ್ನತ್ತ ತಿರುಗಿದರು. "ನೀನ ಹೇಳ ಸುಮಯ್ಯಾ. ನಾ ಎಲ್ಲಿ ನಿಂದರ್ಲಿ?"

ಕೊಂಕಿರಲಿಲ್ಲ ಆ ದನಿಯಲ್ಲಿ. ನಿಜವಾಗಿಯೇ ಕೇಳುತ್ತಿದ್ದರು.

"ಖಾಲಾ, ಕೂಸಿನ ಮ್ಯಾಲ ತೊಲಿ ಬಿದ್ರ ಏನ್ ಮಾಡ್ಲಿ?"

"ದಿನಾ ಅದರ ಕೆಳಗ ಹಾಯಾಕಿ ನಾನಲ್ಲೇನವಾ?"

 ಬಾಗಿಲು ಉಳಿಸಿಯೇ ತೊಲೆ ಬೀಳದ ಹಾಗೆ ಮಾಡಲಾಗದೇ ಎಂದು ನೀಲಪ್ಪನನ್ನು ಕೇಳಿದೆ.

"ಎರಡೂ ಬಾಜೂಕ ಕಂಬ ಕಟ್ಟಿ, ತೊಲಿ ತಗದು ಕಲ್ಲು ಕೂಡಸ್ತೇನಿ ಅಕ್ಕಾರ. ಆದ್ರ ಬಾಗಲಾ ಸಣ್ಣದಾಗತೈತಿ. ಮಾಬೂಬಕ್ಕಾರು..." ಖಾಲಾರ ಮೈಯನ್ನು ಮೇಲಿಂದ ಕೆಳಗೆ ನೋಡಿ ಉಳಿದದ್ದನ್ನು ನುಂಗಿಕೊಂಡ.

"ನೋಡೂದೇನ ನೋಡ್ತಿ? ಅಡ್ಡ ಹೊಳ್ಳಿ ಹೋಗ್ತೇನಿ, ಕಟ್ಟು!"

ಕಲ್ಲು ಕೂತ ಮೇಲೆ ಖಾಲಾ ಗಂಜಿಯ ಬಟ್ಟಲನ್ನು ಮೊದಲು ನನ್ನ ಕೈಗೆ ದಾಟಿಸಿದರು. ಆಮೇಲೆ ಅಡ್ಡ ತಿರುಗಿ, ಹೊಟ್ಟೆ ಒಳಗೆಳೆದುಕೊಂಡು, ನೀಲಪ್ಪನನ್ನು ಬೈಯುತ್ತ ತಾವೂ ದಾಟಿದರು.